ಹುಲ್ಲುಹಾಸಿಲ್ಲದ ಇಂಗ್ಲಿಷ್ ಉದ್ಯಾನ

ಕೂಡ್ಲಿಗಿ, ಕೊಟ್ಟೂರು ಕಡೆ ಹತ್ತಿಪ್ಪತ್ತು ಎಕರೆ ಜಮೀನಿದ್ದು, ಅದರ ನಡುವೆ ಮನೆ ಕಟ್ಟಿ ಸುತ್ತ ಇಂಗ್ಲಿಷ್ ಮಾದರಿಯ ಉದ್ಯಾನ ಮಾಡಬೇಕೆನ್ನುವವರಿಗೆ ನನ್ನ ಮೊದಲ ಮಾತು: ಹುಲ್ಲುಹಾಸು ಬಿಡಿ. ಬೇಸಿಗೆಯಲ್ಲಿ ದಿನಕ್ಕೆ 6 ಮಿಲಿಮೀಟರ್ ನೀರು ಸಾಕೆಂದು ಹಿಡಿದರೂ ಒಂದು ಎಕರೆ ಹಾಸಿಗೆ 24 ಸಾವಿರ ಲೀಟರ್ ಬೇಕು. ನಮ್ಮ ಬೋರ್‌ವೆಲ್‌ಗಳಿಗೆ ಆ ಶಕ್ತಿ ಇಲ್ಲ. ಇದ್ದರೂ ಆ ನೀರು ಪಕ್ಕದ ಹೊಲಕ್ಕೆ ಸಲ್ಲಬೇಕಾದದ್ದು.

ಹುಲ್ಲುಹಾಸು ಹೋದರೆ ಇಂಗ್ಲಿಷ್ ಉದ್ಯಾನದಲ್ಲಿ ಉಳಿಯುವುದೇನು? ಮುಖ್ಯವಾದದ್ದೆಲ್ಲ ಉಳಿಯುತ್ತದೆ. 18ನೇ ಶತಮಾನದಲ್ಲಿ ವಿಲಿಯಂ ಕೆಂಟ್, ಲ್ಯಾನ್ಸ್‌ಲಾಟ್ ಬ್ರೌನ್ ಮೊದಲಾದವರು ನೇರ ಗೆರೆಗಳನ್ನು ಕೈಬಿಟ್ಟು, ನೆಲದ ಏರಿಳಿತವನ್ನೇ ಉದ್ಯಾನ ಮಾಡಿದರು. ದೂರದ ಗುಡ್ಡವನ್ನೂ ಮೇಯುವ ದನವನ್ನೂ ಮನೆಯ ಕಿಟಕಿಯ ನೋಟಕ್ಕೆ ತಂದರು. ಗುಡೇಕೋಟೆ ಕಡೆಯ ಬಂಡೆಗುಡ್ಡಗಳ ಎದುರು ಮನೆ ಕಟ್ಟಿದವರು ಇನ್ನೇನು ಹುಡುಕಬೇಕು? ಕಾಂಪೌಂಡ್ ಎಬ್ಬಿಸಿ ಆ ನೋಟ ಮುಚ್ಚದಿದ್ದರೆ ಅರ್ಧ ಕೆಲಸ ಮುಗಿದಂತೆ.

ಹಾಗಾದರೆ ದನ, ಆಡು ಒಳಗೆ ನುಗ್ಗುವುದಿಲ್ಲವೇ? ಅದಕ್ಕೆ ಆ ಕಾಲದ ಇಂಗ್ಲಿಷರು ‘ಹಾಹಾ’ ಎಂಬ ಕಂದಕ ತೋಡುತ್ತಿದ್ದರು. ಮನೆಯ ಕಡೆಯ ದಂಡೆಗೆ ನೆಟ್ಟಗೆ ಕಲ್ಲು ಕಟ್ಟಿ, ಹೊರಗಿನ ದಂಡೆಯನ್ನು ಇಳಿಜಾರಾಗಿ ಬಿಡುತ್ತಿದ್ದರು. ದನ ಇಳಿದರೂ ಒಳಕ್ಕೆ ಹತ್ತಲಾರದು. ಕಟ್ಟೆಯ ಮೇಲೆ ಕೂತವರ ಕಣ್ಣಿಗೆ ಬೇಲಿಯೇ ಬೀಳದು. ಮಸಾರಿ ನೆಲದಲ್ಲಿ ಇದು ಚೆನ್ನಾಗಿ ಕೂರುತ್ತದೆ. ಐದಡಿ ಆಳ ಇರಲಿ. ಕಲ್ಲಿನ ಸಂದಿಗೆ ಗಾರೆ ತುಂಬಿಸಿ, ಇಲ್ಲವಾದರೆ ಆಡು ಅಲ್ಲಿಯೇ ಕಾಲೂರಿ ಏರುತ್ತದೆ. ಕಂದಕ ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ಸಾಗಿದರೆ ಮಳೆಯ ನೀರೂ ಅಲ್ಲಿಯೇ ಇಂಗುತ್ತದೆ. ಎರೆಭೂಮಿಯಲ್ಲಿ ಮಾತ್ರ ಕಲ್ಲುಗೋಡೆಯ ಆಸೆ ಬೇಡ. ಬೇಸಿಗೆಗೆ ಬಾಯಿಬಿಟ್ಟು ಮಳೆಗೆ ಉಬ್ಬುವ ಆ ಮಣ್ಣು ಗೋಡೆಯನ್ನು ಸೀಳುತ್ತದೆ. ಅಲ್ಲಿ ಎರಡೂ ದಂಡೆ ಇಳಿಜಾರು ಮಾಡಿ, ದಂಡೆಗೆ ಲಾವಂಚ, ತಳಕ್ಕೆ ಒತ್ತೊತ್ತಾಗಿ ಮುಳ್ಳಿನ ಕವಳಿ ನೆಡಿ.

ಇನ್ನು ನೀರು. ಬ್ಲೆನಿಮ್ ಅರಮನೆಯ ಮುಂದೆ ಬ್ರೌನ್ ಸಣ್ಣ ಹೊಳೆಗೆ ಒಡ್ಡು ಹಾಕಿ ಸರೋವರ ನಿಲ್ಲಿಸಿದ. ಕೆರೆ ಕಟ್ಟಿದ ನಾಡಿನವರಾದ ನಮಗೆ ಇದು ಹೊಸ ವಿದ್ಯೆಯಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ ಒಮ್ಮೆ ಹೋಗಿ ಬನ್ನಿ. ಕೆರೆಯ ನೀರಿನೊಳಗೇ ನಿಂತ ಕರಿಜಾಲಿ ಮರಗಳು, ಮರದ ತುಂಬ ಕೊಕ್ಕರೆ, ನೀರುಕಾಗೆಗಳ ಗೂಡು. 2024ರಲ್ಲಿ ಅದು ಜೌಗುಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೆ ಸೇರಿತು. ನಿಮ್ಮ ಕೃಷಿಹೊಂಡವನ್ನು ಚೌಕಾಕಾರದಲ್ಲಿ ತೋಡಿ ಪ್ಲಾಸ್ಟಿಕ್ ಹಾಸುವ ಬದಲು, ಜಮೀನಿನ ತಗ್ಗಿನಲ್ಲಿ ಅಂಕುಡೊಂಕು ದಂಡೆಯ ಪುಟ್ಟ ಕೆರೆ ಮಾಡಿ ನಾಲ್ಕು ಕರಿಜಾಲಿ ಬೆಳೆಸಿ ನೋಡಿ. ಬೇಸಿಗೆಯಲ್ಲಿ ಅದು ಬತ್ತಲಿ. ಬತ್ತಿದ ಕೆರೆಯಂಗಳಕ್ಕೂ ಒಂದು ಚೆಲುವಿದೆ.

ಹೂವಿನ ಸಾಲಿಗೆ ಗುರು ಗರ್ಟ್ರೂಡ್ ಜೀಕಿಲ್. ಚಿತ್ರಕಲೆ ಕಲಿತಿದ್ದ ಈಕೆ 200 ಅಡಿ ಉದ್ದದ ಹೂಪಟ್ಟಿಯಲ್ಲಿ ತಂಪು ಬಣ್ಣದಿಂದ ಹೊರಟು, ನಡುವೆ ಕೆಂಪು–ಕಿತ್ತಳೆಗೆ ಏರಿ, ಮತ್ತೆ ತಂಪಿಗೆ ಇಳಿಯುತ್ತಿದ್ದಳು. ನಮ್ಮಲ್ಲಿ ನೀಲಿ ಸ್ಫಟಿಕ, ಬಿಳಿ ಕಣಗಿಲೆಯಿಂದ ಶುರುಮಾಡಿ. ಆಮೇಲೆ ತಂಗಡಿಯ ಹಳದಿ. ನಡುವೆ ಅಬ್ಬಲಿಗೆ, ದಾಸವಾಳ. ಕೊನೆಗೆ, ಮನೆಯ ಬಾಗಿಲ ಹತ್ತಿರ, ಮಲ್ಲಿಗೆ. ಭೌಗೋಳಿಕ ಸೂಚಿಕೆ ಪಡೆದ ಹಡಗಲಿ ಮಲ್ಲಿಗೆ ಕೂಗಳತೆಯಲ್ಲಿರುವಾಗ ಬೇರೆ ತಳಿ ಯಾಕೆ? ಜನವರಿಯ ಕೊನೆಗೆ ನೆಲದಿಂದ ಒಂದೂವರೆ ಅಡಿ ಬಿಟ್ಟು ಸವರಿ, ಗೊಬ್ಬರ–ನೀರು ಕೊಟ್ಟರೆ ಬೇಸಿಗೆಯ ಸಂಜೆಗಳೆಲ್ಲ ಅದರದ್ದೇ.

ಬರಗಾಡಿನಲ್ಲಿ ಇದೆಲ್ಲ ಆಗುವ ಮಾತೇ ಎನ್ನುವವರಿಗೆ ಬೆತ್ ಚಾಟೊ ಹೆಸರು ಹೇಳುತ್ತೇನೆ. ಇಂಗ್ಲೆಂಡಿನಲ್ಲೇ ಮಳೆ ಕಡಿಮೆಯಿರುವ ಎಸೆಕ್ಸ್‌ನಲ್ಲಿ, ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸಿನ ಮಳೆಯಲ್ಲಿ, 1990ರ ದಶಕದ ಮೊದಲಲ್ಲಿ ಆಕೆ ಹಳೆಯ ಕಾರು ನಿಲ್ದಾಣವೊಂದನ್ನು ಜಲ್ಲಿಕಲ್ಲಿನ ಹೂದೋಟ ಮಾಡಿದಳು. ಗಿಡ ಬೇರೂರಿದ ಮೇಲೆ ನೀರು ಹಾಯಿಸಲೇ ಇಲ್ಲ. ನಮ್ಮ ಬಿಸಿಲು ಬೇರೆ, ನಿಜ. ಆದರೆ ತಂಗಡಿ, ಕಣಗಿಲೆಗಳೂ ಈ ಬಿಸಿಲಿನ ಗಿಡಗಳೇ.

ಮರಗಳ ಆಯ್ಕೆಗೆ ಕ್ರುಂಬಿಗಲ್‌ರನ್ನು ನೆನೆಯಬೇಕು. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದು, ಲಾಲ್‌ಬಾಗ್ ನೋಡಿಕೊಂಡ ಅವರು ಒಂದರ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಬೆಂಗಳೂರಿನ ಸಾಲುಮರಗಳನ್ನು ಆರಿಸಿದವರು. ನಮ್ಮ ಜಮೀನಿಗೆ ಆ ಸರದಿ ಹೀಗಿರಲಿ: ಶಿವರಾತ್ರಿ ಹೊತ್ತಿಗೆ ಮುತ್ತುಗ, ಯುಗಾದಿಗೆ ಬೇವು–ಹೊಂಗೆ, ಮೇ ಉರಿಯಲ್ಲಿ ಕಕ್ಕೆ, ಮಳೆಗಾಲದ ಕೊನೆಗೆ ಬಿಳಿಜಾಲಿ. ಹರಪನಹಳ್ಳಿ ಕಡೆಯವರಿಗೆ ಗಾಳಿಯಂತ್ರ ತಿರುಗಿಸುವ ಆಷಾಢದ ಗಾಳಿಯ ಕಾಟ ಗೊತ್ತೇ ಇದೆ. ಅವರು ಪಡುವಣ ದಿಕ್ಕಿಗೆ ಹೊಂಗೆ, ಬೇವನ್ನು ಎರಡು ಸಾಲು ಹೆಚ್ಚು ಹಾಕಬೇಕು. ಕಂದಕ, ಕೆರೆಯ ಅಗೆತ ಮೇ ಒಳಗೆ ಮುಗಿಯಲಿ. ಮರಗಳಿಗೆ ಮುಂಗಾರು, ಹೂಪಟ್ಟಿಗೆ ಎರಡನೇ ವರ್ಷ.