ಆಮ್‌ಹರ್ಸ್ಟಿಯಾ: ತೊಗರಿಯ ಬಳಗದ ರಾಜವೃಕ್ಷ

ಮ್ಯಾನ್ಮಾರ್ ಮೂಲದ ಆಮ್‌ಹರ್ಸ್ಟಿಯಾ ನೊಬಿಲಿಸ್ ಕಾಡಿನಲ್ಲಿ ತೀರಾ ವಿರಳವಾಗಿದ್ದು, ಉದ್ಯಾನಗಳ ಆರೈಕೆಯಲ್ಲೇ ಹೆಚ್ಚಾಗಿ ಉಳಿದಿರುವ ಹೂಮರ. 1820ರ ದಶಕದಲ್ಲಿ ಸಾಲ್ವೀನ್ ನದಿಯ ಬಳಿಯ ಬೌದ್ಧವಿಹಾರವೊಂದರಲ್ಲಿ ಇದನ್ನು ಕಂಡ ಸಸ್ಯವಿಜ್ಞಾನಿ ನಥಾನಿಯಲ್ ವಾಲಿಚ್, ಗವರ್ನರ್ ಜನರಲ್‌ ಆಮ್‌ಹರ್ಸ್ಟ್‌ರ ಪತ್ನಿ ಹಾಗೂ ಮಗಳ ಗೌರವಾರ್ಥ ಈ ಹೆಸರಿಟ್ಟರು. ತೊಗರಿ, ಹೊಂಗೆಗಳನ್ನೊಳಗೊಂಡ ಫ್ಯಾಬೇಸಿ, ಅಂದರೆ ಬೇಳೆಕಾಳುಗಳ ಕುಟುಂಬಕ್ಕೆ ಸೇರಿದ ಇದಕ್ಕೆ ಅಶೋಕ, ಹುಣಸೆಗಳು ಒಂದೇ ಉಪಕುಟುಂಬದ ಹತ್ತಿರದ ನೆಂಟರಾದರೂ, ಇದರ ಕುಲದಲ್ಲಿ ಬೇರೊಂದು ಪ್ರಭೇದವಿಲ್ಲ. ತಾಮ್ರವರ್ಣದ ಚಿಗುರೆಲೆಗಳು ಬಾಡಿದಂತೆ ಜೋತುಬಿದ್ದು, ಬಲಿತ ಮೇಲೆ ಹಸಿರಾಗಿ ಸೆಟೆದು ನಿಲ್ಲುತ್ತವೆ; ಉದ್ದನೆಯ ಇಳಿಗೊಂಚಲುಗಳಲ್ಲಿ ಅರಳುವ ಕಡುಗೆಂಪು ಹೂಗಳ ದೊಡ್ಡ ಎಸಳುಗಳ ತುದಿಯಲ್ಲಿ ಹಳದಿ ಮಚ್ಚೆಯಿರುತ್ತದೆ. ಬೀಜ ಕಟ್ಟುವುದು ಅಪರೂಪವಾದ್ದರಿಂದ, ಕೊಂಬೆಯ ತೊಗಟೆ ಸುಲಿದು ಬೇರು ಬರಿಸುವ ಗೂಟಿ ವಿಧಾನವನ್ನು ಬಲ್ಲ ತೋಟಗಾರರ ತಾಳ್ಮೆಗೇ ಈ ಸೊಬಗಿನ ಮುಂದುವರಿಕೆಯ ಶ್ರೇಯಸ್ಸು ಬಹುಪಾಲು ಸಲ್ಲಬೇಕು.