ಗುಣ ಕೂಡಿದ ಮೇಲೆ

ಹೌಜ್ ಖಾಸ್‌ನ ದೆಹಲಿ ಐಐಟಿಯವರು ಜಪಾನಿನ ತ್ಸುಕುಬಾದ ಸಂಶೋಧಕರೊಂದಿಗೆ 2012ರಲ್ಲಿ ಪ್ರಕಟಿಸಿದ ಪ್ರಬಂಧವೊಂದನ್ನು ಮತ್ತೆ ಓದಿದೆ. ವಿಷಯ ಅಶ್ವಗಂಧ, ನಮ್ಮ ಹಿರೇಮದ್ದಿನ ಗಿಡ. ಗಡ್ಡೆ ಬೆಳೆಯದಂತೆ ಕಾಯುವ ಪಿ53 ಎಂಬ ಪ್ರೋಟೀನನ್ನು ಕ್ಯಾನ್ಸರ್ ಕೋಶದಲ್ಲಿ ಮಾರ್ಟಲಿನ್ ಎಂಬ ಇನ್ನೊಂದು ಪ್ರೋಟೀನು ಹಿಡಿದಿಟ್ಟಿರುತ್ತದೆ. ಅಶ್ವಗಂಧದ ವಿಥನೋನ್ ಎಂಬ ಅಣು ಆ ಹಿಡಿತ ಬಿಡಿಸೀತೇ ಎಂಬುದು ಪ್ರಶ್ನೆ.

ಮೊದಲ ಹೆಜ್ಜೆ ಡಾಕಿಂಗ್. ನನಗಂತೂ ಅದು ಜಾತಕ ಕೂಡಿಸುವ ಕೆಲಸದಂತೆಯೇ ಕಾಣುತ್ತದೆ. ಪ್ರೋಟೀನಿನ ಮೇಲೊಂದು ಚೌಕ ಗುರುತಿಸಿ ಅಣುವನ್ನು ಒಳಗೆ ಬಿಟ್ಟರೆ, ಕಂಪ್ಯೂಟರ್ ಅದನ್ನು ಹೊರಳಿಸಿ ತಿರುಗಿಸಿ –8.4 ಎಂದೋ –9.1 ಎಂದೋ ಅಂಕ ಕೊಡುತ್ತದೆ. ಮೈನಸ್ ಹೆಚ್ಚಿದಷ್ಟೂ ಗುಣ ಹೆಚ್ಚು. ಎಲ್ಲರೂ ಬಳಸುವ ಆಟೊಡಾಕ್ ವಿನಾ ತಂತ್ರಾಂಶದ ದೋಷ ಮೋಲ್‌ಗೆ ಸುಮಾರು 2.85 ಕಿಲೊಕ್ಯಾಲರಿ ಎಂದು ಅದನ್ನು ಮಾಡಿದವರೇ ಬರೆದಿದ್ದಾರೆ. ಬರೀ 1.4ರಷ್ಟು ಏರುಪೇರಾದರೆ ಹಿಡಿತದ ಬಲ ಹತ್ತು ಪಟ್ಟು ಬದಲಾಗುತ್ತದೆ. ಆದರೂ ದಶಮಾಂಶದ ವ್ಯತ್ಯಾಸ ನಂಬಿ ಅರಿಸಿನ, ತುಳಸಿ, ಬೇವುಗಳಿಗೆ ರ‍್ಯಾಂಕು ಹಂಚುವ ಪ್ರಬಂಧಗಳು ಬರುತ್ತಲೇ ಇವೆ. ಲ್ಯಾಪ್‌ಟಾಪ್ ಒಂದಿದ್ದರೆ ಸಾಕು, ಕೋಶ ಸಾಕುವ ಖರ್ಚಿಲ್ಲ.

ಐಐಟಿಯ ಪ್ರಬಂಧದ ಹೆಚ್ಚುಗಾರಿಕೆ ಅಂಕಕ್ಕೇ ನಿಲ್ಲದಿರುವುದು. ಕೂಡಿದ ಜೋಡಿ ಕದಲದೆ ಉಳಿಯುತ್ತದೆಯೇ ಎಂದು ಅಣುಚಲನೆಯ ಲೆಕ್ಕ ಹಾಕಿದರು. ಆಮೇಲೆ ಮನುಷ್ಯರ ಕ್ಯಾನ್ಸರ್ ಕೋಶಗಳಲ್ಲಿ ಮಾರ್ಟಲಿನ್ ಬಿಟ್ಟ ಪಿ53 ನ್ಯೂಕ್ಲಿಯಸ್ಸಿನೊಳಗೆ ಹೋದದ್ದನ್ನು ತೋರಿಸಿದರು. ನನ್ನ ತಕರಾರು ಬೇರೆ ಕಡೆ. ವಿಥನೋನ್ ಕೂರುವ ಜಾಗದಲ್ಲೇ ಎಂಕೆಟಿ-077 ಎಂಬ ಬಣ್ಣದ ಅಣುವೂ ಕೂರುತ್ತದೆ ಎಂಬುದನ್ನು ಪ್ರಬಂಧ ಆಧಾರವಾಗಿ ಇಟ್ಟುಕೊಂಡಿದೆ. ಅದೇ ಎಂಕೆಟಿ-077 ರೋಗಿಗಳ ಮೂತ್ರಪಿಂಡಕ್ಕೆ ತೊಂದರೆ ಕೊಟ್ಟು ಮೊದಲ ಹಂತದ ಪ್ರಯೋಗದಲ್ಲೇ ನಿಂತುಹೋಗಿತ್ತು. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆದ ಕೋಶಕ್ಕೆ ಮೂತ್ರಪಿಂಡ ಎಲ್ಲಿಂದ ಬರಬೇಕು?

ಡಾಕಿಂಗ್‌ನ ಕಣ್ಣಿಗೂ ಕೆಲವು ಸಂಗತಿ ಬೀಳುವುದಿಲ್ಲ. ನಮ್ಮ ಪಶ್ಚಿಮಘಟ್ಟದ ದುರ್ವಾಸನೆ ಮರದಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ಅಣು ಇದೆ. ರಸಾಯನಜ್ಞರಾದ ವಾಲ್ ಮತ್ತು ವಾನಿ ಅದನ್ನು 1966ರಲ್ಲಿ ಚೀನಾದ ಮರವೊಂದರಿಂದ ಬೇರ್ಪಡಿಸಿ ಪ್ರಕಟಿಸಿದ್ದರು. ಇಂದಿನ ಟೋಪೊಟಿಕಾನ್, ಇರಿನೊಟಿಕಾನ್ ಎಂಬ ಕ್ಯಾನ್ಸರ್ ಔಷಧಿಗಳು ಅದರ ಸಂತತಿ. ಈ ಅಣು ಟೋಪೊಐಸೊಮರೇಸ್ ಕಿಣ್ವವೊಂದನ್ನೇ ಹೋಗಿ ಹಿಡಿಯುವುದಿಲ್ಲ. ಕಿಣ್ವ ಡಿಎನ್ಎ ಎಳೆಯನ್ನು ಕತ್ತರಿಸಿದ ಗಳಿಗೆಯಲ್ಲಿ ಆ ಸೀಳಿನೊಳಗೆ ನುಸುಳುತ್ತದೆ. ಬರೀ ಕಿಣ್ವದ ಫೈಲು ಕೊಟ್ಟು ಡಾಕಿಂಗ್‌ಗೆ ಕೂತವನ ಪರದೆಯ ಮೇಲೆ ಆ ಸೀಳೇ ಇರುವುದಿಲ್ಲ.