ಅಳುಮೊಗದ ಪರದೆ

ಸಾಹಿತ್ಯ ವಿಮರ್ಶೆಯ ಕಣ್ಣಿಗೆ ಸಾಮಾನ್ಯವಾಗಿ ಬೀಳದ ಒಂದು ಪಠ್ಯದ ಬಗ್ಗೆ ಈ ವಾರ ಬರೆಯಬೇಕೆನಿಸಿದೆ. ಅದು ಮೂರು ನಾಲ್ಕು ವಾಕ್ಯಗಳದ್ದು. ಲಿನಕ್ಸ್ ಕಂಪ್ಯೂಟರನ್ನು ಹೊಸ ಆವೃತ್ತಿಗೆ ಅಪ್‌ಗ್ರೇಡ್ ಮಾಡಿ, ರೀಸ್ಟಾರ್ಟ್ ಆದ ಮೇಲೆ ಪಾಸ್‌ವರ್ಡ್ ಕೊಟ್ಟರೆ, ಎಂದಿನ ಡೆಸ್ಕ್‌ಟಾಪ್ ಬದಲು ಕೆಲವೊಮ್ಮೆ ಇದು ಬಂದು ನಿಲ್ಲುತ್ತದೆ. ಮೇಲೆ ಅಳುಮೊಗದ ಕಂಪ್ಯೂಟರಿನ ಚಿತ್ರ. ಕೆಳಗೆ, ಕನ್ನಡದಲ್ಲಿ ಹೇಳುವುದಾದರೆ, ‘ಅಯ್ಯೋ! ಏನೋ ತಪ್ಪಾಗಿದೆ. ತೊಂದರೆಯೊಂದು ಉಂಟಾಗಿದ್ದು ವ್ಯವಸ್ಥೆ ಚೇತರಿಸಿಕೊಳ್ಳಲಾರದು. ಲಾಗ್ ಔಟ್ ಮಾಡಿ ಮತ್ತೆ ಪ್ರಯತ್ನಿಸಿ.’ ಹೊರಹೋಗಲು ಒಂದು ಬಟನ್. ಗ್ನೋಮ್ ಡೆಸ್ಕ್‌ಟಾಪ್ ಬಳಸುವವರಿಗೆ ಇದು ಪರಿಚಿತ.

ಈ ವಾಕ್ಯಗಳಲ್ಲಿ ಕರ್ತೃವೇ ಇಲ್ಲ. ತಪ್ಪು ‘ಆಗಿದೆ’, ತೊಂದರೆ ‘ಉಂಟಾಗಿದೆ’. ಯಾವುದು ಕೆಟ್ಟಿತು, ಯಾಕೆ ಕೆಟ್ಟಿತು ಎಂಬುದಕ್ಕೆ ಉತ್ತರವಿಲ್ಲ. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತವರು ಕೇಳುವ ‘ಸರ್ವರ್ ಇಲ್ಲ’ ಎಂಬ ಮಾತಿನ ವ್ಯಾಕರಣವೇ ಇದು. ಆ ಮಾತಿಗೆ ಎದುರು ಮಾತಿಲ್ಲ, ಮನೆಗೆ ಹೋಗಬೇಕಷ್ಟೆ. ಇನ್ನು ‘ಮತ್ತೆ ಪ್ರಯತ್ನಿಸಿ’ ಎಂಬ ಸಲಹೆ. ಕಾರಣ ಹಾಗೇ ಉಳಿದಿರುವಾಗ ಮತ್ತೆ ಪ್ರಯತ್ನಿಸಿದರೆ ಸಾಮಾನ್ಯವಾಗಿ ಅದೇ ಅಳುಮೊಗ ಮತ್ತೆ ಬರುತ್ತದೆ. 2012ರ ವಿಂಡೋಸ್ 8 ಕೂಡ ತನ್ನ ನೀಲಿ ಪರದೆಗೆ ಅಳುಮೊಗ ಅಂಟಿಸಿಕೊಂಡಿತು. ಆದರೆ ಅಲ್ಲಿ ದೋಷದ ಹೆಸರನ್ನಾದರೂ ಬರೆದಿರುತ್ತಿತ್ತು.

ಯಂತ್ರಕ್ಕೇ ಗೊತ್ತಿಲ್ಲದ್ದನ್ನು ಅದು ಹೇಗೆ ಹೇಳೀತು ಎಂದು ನೀವು ಕೇಳಬಹುದು. ಅದಕ್ಕೆ ಅಷ್ಟಿಷ್ಟು ಗೊತ್ತಿರುತ್ತದೆ. ಕಂಟ್ರೋಲ್, ಆಲ್ಟ್, ಎಫ್3 ಕೀಗಳನ್ನು ಒಟ್ಟಿಗೆ ಒತ್ತಿದರೆ ಸಾಮಾನ್ಯವಾಗಿ ಚಿತ್ರಗಳಿಲ್ಲದ ಕಪ್ಪು ಪರದೆಯೊಂದು ತೆರೆಯುತ್ತದೆ. ಅಲ್ಲಿ ಲಾಗಿನ್ ಆಗಿ ‘ಜರ್ನಲ್‌ಸಿಟಿಎಲ್’ ಎಂಬ ಆದೇಶ ಕೊಟ್ಟರೆ ಯಂತ್ರದ ದಿನಚರಿ ಸಿಗುತ್ತದೆ. ಪ್ರತಿ ಸಾಲಿಗೂ ದಿನಾಂಕ, ಗಂಟೆ, ನಿಮಿಷ, ಮಾತಾಡಿದ ಪ್ರೋಗ್ರಾಮಿನ ಹೆಸರು. ಅಳುಮೊಗ ಕಂಡ ಎಷ್ಟೋ ಯಂತ್ರಗಳ ದಿನಚರಿಯಲ್ಲಿ, ಅಗತ್ಯ ಭಾಗವಾದ ಗ್ನೋಮ್ ಶೆಲ್ ಸರಿಪಡಿಸಲಾಗದಂತೆ ವಿಫಲವಾಗಿದೆ ಎಂದು ಹೆಸರು ಹಿಡಿದೇ ಬರೆದಿರುತ್ತದೆ. ಅದರ ಮೇಲಿನ ಸಾಲುಗಳಲ್ಲಿ ಕಾರಣದ ಸುಳಿವೂ ಇರುತ್ತದೆ: ಹೊಸ ಕರ್ನೆಲ್ಲಿಗೆ ಹೊಂದದ ಗ್ರಾಫಿಕ್ಸ್ ಡ್ರೈವರ್, ಹಳೆಯ ಆವೃತ್ತಿಗೆ ಬರೆದ ಎಕ್ಸ್‌ಟೆನ್ಷನ್. ಈ ಎಕ್ಸ್‌ಟೆನ್ಷನ್‌ಗಳು ಶೆಲ್ಲಿನ ಹೊರಗೆ ನಿಲ್ಲುವುದಿಲ್ಲ, ಅದರೊಳಗೇ ಸೇರಿ ನಡೆಯುತ್ತವೆ. 2023ರ ಗ್ನೋಮ್ 45ರಲ್ಲಿ ಅವನ್ನು ಬರೆಯುವ ಕ್ರಮವೇ ಬದಲಾಗಿ, ಹಳೆಯವನ್ನು ತಿದ್ದದೆ ಬಳಸುವಂತಿರಲಿಲ್ಲ.

ಹಾಗಾಗಿ ಒಂದೇ ಘಟನೆಗೆ ಎರಡು ಪಠ್ಯಗಳಿವೆ. ಒಂದು ನಮ್ಮನ್ನು ಸಂತೈಸುತ್ತದೆ, ಏನನ್ನೂ ಹೇಳುವುದಿಲ್ಲ. ಇನ್ನೊಂದು ಎಲ್ಲವನ್ನೂ ಹೇಳುತ್ತದೆ, ಯಾರನ್ನೂ ಉದ್ದೇಶಿಸುವುದಿಲ್ಲ. ನಡುವೆ ಇರಬೇಕಾಗಿದ್ದ ಮೂರನೆಯ ಗದ್ಯವನ್ನು ಯಾರೂ ಬರೆದಿಲ್ಲ.

ಕನ್ನಡದ ಓದುಗರಿಗೆ ಈ ಕೊರತೆ ಹೆಚ್ಚು ದುಬಾರಿ. ಗ್ನೋಮ್‌ನ ಮೆನುಗಳನ್ನು ಕನ್ನಡಕ್ಕೆ ತಂದಿದ್ದಾರೆ. ಆದರೆ ದಿನಚರಿ ಬಹುಪಾಲು ಇಂಗ್ಲಿಷಿನಲ್ಲಿದೆ. ಆ ಕಪ್ಪು ಪರದೆಯ ಫಾಂಟಿನಲ್ಲಿ ಹೆಚ್ಚೆಂದರೆ 512 ಅಕ್ಷರರೂಪಗಳಿಗೆ ಜಾಗ. ಒತ್ತಕ್ಷರ, ಗುಣಿತಗಳನ್ನು ಕೂಡಿಸುವ ವಿದ್ಯೆಯೂ ಅದಕ್ಕೆ ಗೊತ್ತಿಲ್ಲ. ಕನ್ನಡ ಅಲ್ಲಿ ಮೂಡುವುದಿಲ್ಲ. ಎಲ್ಲ ಸರಿ ಇದ್ದಾಗ ಕನ್ನಡ, ಕೆಟ್ಟಾಗ ಇಂಗ್ಲಿಷ್. ಭಾಷೆ ನಿಜವಾಗಿ ಬೇಕಾಗುವುದೇ ಕೆಟ್ಟಾಗ ಅಲ್ಲವೇ?

ದಿನಚರಿ ಒಂದೇ ಭಾಷೆಯಲ್ಲಿದ್ದರೆ ಇನ್ನೊಂದು ದೇಶದವರೂ ಅದನ್ನು ಓದಿ ನೆರವಾಗಬಹುದು, ನಿಜ. ಗಾಬರಿಯಾದವರ ಮುಂದೆ ತಾಂತ್ರಿಕ ಪದಗಳನ್ನು ಸುರಿಯಬಾರದು, ಅದೂ ನಿಜ. ಆದರೆ ಗಾಬರಿ ಹುಟ್ಟುವುದು ವಿವರದಿಂದಲ್ಲ, ವಿವರ ಇಲ್ಲದಿರುವುದರಿಂದ. ಬರೆದಿಟ್ಟ ಕತೆ, ಮಕ್ಕಳ ಫೋಟೊ, ಬ್ಯಾಂಕಿನ ಕಾಗದ ಎಲ್ಲ ಹೋದವೇ ಎಂಬುದೇ ಆ ಹೊತ್ತಿನ ಮೊದಲ ಭಯ. ಡೆಸ್ಕ್‌ಟಾಪ್ ಬರದಿದ್ದ ಮಾತ್ರಕ್ಕೆ ಕಡತಗಳು ಅಳಿಯುವುದಿಲ್ಲ. ಅವನ್ನು ಇಡುವುದು ಬೇರೆ ವ್ಯವಸ್ಥೆಯ ಕೆಲಸ. ಅಳುಮೊಗ ಇಷ್ಟನ್ನೂ ಹೇಳುವುದಿಲ್ಲ.

ಮುಕ್ತ ತಂತ್ರಾಂಶದ ಹೆಮ್ಮೆಯೇ ಅದರ ಮೂಲವನ್ನು ಯಾರು ಬೇಕಾದರೂ ಓದಬಹುದು ಎಂಬುದು. ಆ ಮಾತನ್ನು ನಂಬಿದವನಾಗಿ ನನ್ನ ತಕರಾರು ಇಷ್ಟೆ: ಓದುವ ಹಕ್ಕು ಕೊಟ್ಟ ಮೇಲೆ ಓದಿಗೆ ದಾರಿಯನ್ನೂ ತೋರಿಸಬೇಕು. ನಾನಾದರೆ ಆ ಪರದೆಯ ಮೇಲೆ ಹೀಗೆ ಬರೆಯುತ್ತಿದ್ದೆ: ‘ಡೆಸ್ಕ್‌ಟಾಪ್ ತೋರಿಸುವ ಗ್ನೋಮ್ ಶೆಲ್ ನಿಂತುಹೋಗಿದೆ. ಇದರಿಂದ ನಿಮ್ಮ ಕಡತಗಳು ಅಳಿದಿಲ್ಲ. ಬೇರೆ ಬಳಕೆದಾರರ ಹೆಸರಿನಲ್ಲಿ ಲಾಗಿನ್ ಆಗಿ ನೋಡಿ. ಅಲ್ಲಿ ಡೆಸ್ಕ್‌ಟಾಪ್ ಬಂದರೆ ದೋಷ ಬಹುಶಃ ನಿಮ್ಮ ಖಾತೆಯ ಸೆಟ್ಟಿಂಗ್ ಅಥವಾ ಎಕ್ಸ್‌ಟೆನ್ಷನ್‌ಗಳಲ್ಲಿದೆ. ಬರದಿದ್ದರೆ ಡ್ರೈವರನ್ನು ಪರೀಕ್ಷಿಸಿ.’

ಇದರಲ್ಲಿ ಅಯ್ಯೋ ಇಲ್ಲ, ಚಿತ್ರವೂ ಬೇಕಿಲ್ಲ. ಇದು ಪೂರ್ತಿ ಕನ್ನಡದಲ್ಲೇ ಬರೆಯಬಹುದಾದ ಗದ್ಯ.